ವಿಂಡೋಸ್ 98 ಎಸ್‌ಇ: 1 ಜಿಬಿ ರ‍್ಯಾಮ್ ಇದ್ದೂ ‘ಮೆಮೊರಿ ಸಾಲದು’ ಅಂತಿದೆ

ಪ್ರಶ್ನೆ: ಪೆಂಟಿಯಂ 4, ಇಂಟೆಲ್ 845 ಬೋರ್ಡು, 512 ಎಂಬಿಯ ಎರಡು ರ‍್ಯಾಮ್, 80 ಜಿಬಿ ಐಡಿಇ ಹಾರ್ಡ್‌ಡಿಸ್ಕ್. ಬೂಟ್ ಫ್ಲಾಪಿಯ ಎಫ್‌ಡಿಸ್ಕ್‌ನಲ್ಲಿ (ಡಿಸ್ಕನ್ನು ಪಾರ್ಟಿಷನ್ ಮಾಡುವ ಪ್ರೋಗ್ರಾಂ) ಡಿಸ್ಕ್ ಬರೀ 10,783 ಎಂಬಿ ಅಂತ ಕಾಣುತ್ತೆ. ಇರಲಿ ಅಂತ ಅಷ್ಟರಲ್ಲೇ ಸೆಟಪ್ ಓಡಿಸಿದರೆ, ಫೈಲ್ ಕಾಪಿ ಮುಗಿದು ಮೊದಲ ರೀಸ್ಟಾರ್ಟ್‌ನಲ್ಲೇ ವಿಂಡೋಸ್ ಶುರು ಮಾಡಲು ಮೆಮೊರಿ ಸಾಲದು ಅಂತ ನಿಲ್ಲುತ್ತೆ. ರ‍್ಯಾಮ್ ಕೆಟ್ಟಿದೆಯಾ?

ಉತ್ತರ: ಕೆಟ್ಟಿಲ್ಲ ಸರ್, ಜಾಸ್ತಿಯಾಗಿದೆ. ಡಿಸ್ಕ್ ಕ್ಯಾಶ್ (ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ನೋಡಿಕೊಳ್ಳುವ ವಿಕ್ಯಾಶ್, ಇರುವ ರ‍್ಯಾಮ್ ನೋಡಿ ತನ್ನ ಗಾತ್ರ ತಾನೇ ಗೊತ್ತುಮಾಡಿಕೊಳ್ಳುತ್ತೆ. ಅದಕ್ಕೆ ಬೇಕಾದ ಅಡ್ರೆಸ್‌ಗಳು (ಮೆಮೊರಿಯ ಜಾಗ ಗುರುತಿಸುವ ಸಂಖ್ಯೆಗಳು) ಸಿಸ್ಟಮ್‌ಗೆಂದು ಮೀಸಲಾದ 1 ಜಿಬಿ ವಲಯದಿಂದಲೇ ಬರಬೇಕು; ಗ್ರಾಫಿಕ್ಸ್ ಕಾರ್ಡಿಗೆ ಮೀಸಲಾದ ಎಜಿಪಿ ಅಪರ್ಚರ್‌ಗೂ ಅಲ್ಲೇ ಪಾಲು. ರ‍್ಯಾಮ್ 512 ಎಂಬಿ ದಾಟಿದರೆ ಅಡ್ರೆಸ್ ಸಾಲದೇ ಹೋಗಬಹುದು. ಸಾಲದಿರುವುದು ಅಡ್ರೆಸ್, ಬಯ್ಯುವುದು ಮೆಮೊರಿಯನ್ನ.

ಸುಲಭ ದಾರಿ: ಒಂದು ಸ್ಟಿಕ್ ತೆಗೆದು ಇನ್‌ಸ್ಟಾಲ್ ಮುಗಿಸಿ. ಕ್ಯಾಬಿನೆಟ್ ಬಿಚ್ಚಲು ಮನಸ್ಸಿಲ್ಲದಿದ್ದರೆ ಫ್ಲಾಪಿಯಿಂದ ಬೂಟ್ ಮಾಡಿ, ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್‌ನಲ್ಲಿರುವ ಸಿಸ್ಟಮ್.ಐಎನ್‌ಐ ಫೈಲನ್ನು ಎಡಿಟ್‌ನಲ್ಲಿ ತೆರೆಯಿರಿ. 386ಎನ್ಹ್ (386Enh) ವಿಭಾಗದ ಕೆಳಗೆ ಮ್ಯಾಕ್ಸ್‌ಫಿಜ್‌ಪೇಜ್=20000 (MaxPhysPage), ವಿಕ್ಯಾಶ್ (vcache) ವಿಭಾಗದ ಕೆಳಗೆ ಮ್ಯಾಕ್ಸ್‌ಫೈಲ್‌ಕ್ಯಾಶ್=262144 (MaxFileCache) ಸೇರಿಸಿ. ಮೊದಲ ಸಾಲು ವಿಂಡೋಸ್ ಬಳಸುವ ಮೆಮೊರಿಗೆ 512 ಎಂಬಿಯ ಮಿತಿ, ಎರಡನೆಯದು ಕ್ಯಾಶ್‌ಗೆ ಮಿತಿ. ಬಯೋಸ್‌ನಲ್ಲಿ ಎಜಿಪಿ ಅಪರ್ಚರ್ 64 ಎಂಬಿಗೆ ಇಳಿಸಿದರೆ ಇನ್ನೂ ಒಳ್ಳೇದು.

ಇನ್ನೊಬ್ಬರ ಉತ್ತರ: ಡಿಸ್ಕ್ ವಿಷಯ ಬೇರೆ. ಹಳೇ ಎಫ್‌ಡಿಸ್ಕ್ 64 ಜಿಬಿ ದಾಟಿದ ಡಿಸ್ಕಿನಲ್ಲಿ ಆ 64ನ್ನು ನುಂಗಿ ಉಳಿದದ್ದಷ್ಟೇ ತೋರಿಸುತ್ತೆ. ನಿಮ್ಮದು 76,319 ಎಂಬಿ. 65,536 ಕಳೆದರೆ ಸರಿಯಾಗಿ 10,783. ಮೈಕ್ರೋಸಾಫ್ಟ್ ಆಮೇಲೆ ಬಿಟ್ಟ ತಿದ್ದಿದ ಎಫ್‌ಡಿಸ್ಕನ್ನು ಫ್ಲಾಪಿಗೆ ಹಾಕಿ, ಹಳೇ ಪಾರ್ಟಿಷನ್ ಅಳಿಸಿ ಹೊಸದಾಗಿ ಮಾಡಿ. ದೊಡ್ಡ ಡಿಸ್ಕ್ ಸಪೋರ್ಟ್ ಬೇಕೇ ಅಂದಾಗ ವೈ ಒತ್ತಿ, ಇಲ್ಲವಾದರೆ ಹಳೇ ಫೈಲ್ ವ್ಯವಸ್ಥೆಯಾದ ಫ್ಯಾಟ್16 ಆಗಿ ಪಾರ್ಟಿಷನ್ 2 ಜಿಬಿಗೆ ನಿಲ್ಲುತ್ತೆ. ಫಾರ್ಮ್ಯಾಟ್ ಮಾಡುವಾಗಲೂ ತಪ್ಪು ಗಾತ್ರ ಕಂಡೀತು. ತೋರಿಸುವುದಷ್ಟೇ ತಪ್ಪು, ಪೂರ್ತಿ ಫಾರ್ಮ್ಯಾಟ್ ಆಗುತ್ತೆ.

ಪಾರ್ಟಿಷನ್ ಆದ ಮೇಲೆ ಸಿಡಿಯ ವಿನ್98 ಫೋಲ್ಡರನ್ನೇ ಸಿ ಡ್ರೈವ್‌ಗೆ ಕಾಪಿ ಮಾಡಿ, ಅಲ್ಲಿಂದ ಸೆಟಪ್ ಓಡಿಸಿ. ಆಮೇಲೆ ಡ್ರೈವರ್ ಹಾಕುವಾಗೆಲ್ಲ ಸಿಡಿ ಕೇಳುವ ಕಾಟ ಇರಲ್ಲ. ಫ್ಲಾಪಿ ಬೂಟ್‌ನಲ್ಲಿ ರ‍್ಯಾಮ್‌ಡ್ರೈವ್ (ಮೆಮೊರಿಯಲ್ಲೇ ಆಗುವ ತಾತ್ಕಾಲಿಕ ಡ್ರೈವ್) ಒಂದು ಡ್ರೈವ್ ಅಕ್ಷರ ತಿನ್ನುತ್ತೆ, ಸಿಡಿ ಒಂದು ಅಕ್ಷರ ಮುಂದಕ್ಕೆ ಹೋಗಿರುತ್ತೆ.

ಪ್ರಶ್ನೆ ಕೇಳಿದವರು: ಡಿಸ್ಕ್ ಸರಿಹೋಯ್ತು. ಆದರೆ ಮೆಮೊರಿ ಮೆಸೇಜ್ ಹೋಗಿಲ್ಲ. 4 ಕೆಬಿಯ ಪೇಜ್ ಲೆಕ್ಕದಲ್ಲಿ 512 ಎಂಬಿಗೆ 131072 ಬರುತ್ತಲ್ಲ, 20000 ಬದಲು ಅದನ್ನೇ ಹಾಕಿದೆ. ಎರಡನೇ ಸಾಲು ಹಾಕಿಲ್ಲ.

ಉತ್ತರ: ಲೆಕ್ಕ ಸರಿ, ಆದರೆ ವಿಂಡೋಸ್ ಆ ಸಾಲನ್ನು ಓದುವುದು ಹೆಕ್ಸಾಡೆಸಿಮಲ್‌ನಲ್ಲಿ (ಹತ್ತರ ಬದಲು ಹದಿನಾರರ ಲೆಕ್ಕದಲ್ಲಿ ಬರೆವ ಸಂಖ್ಯೆ). ಹೆಕ್ಸ್ 20000 ಅಂದರೇನೇ 131072. ನೀವು ಬರೆದದ್ದನ್ನು ಅದು 4 ಜಿಬಿಗೂ ಮೀರಿದ ಮಿತಿ ಅಂತ ಓದಿಕೊಂಡಿದೆ, ಅಂದರೆ ಮಿತಿಯೇ ಇಲ್ಲ. 20000 ಅಂತಲೇ ಬರೆದು, ಎರಡನೇ ಸಾಲೂ ಸೇರಿಸಿ ರೀಸ್ಟಾರ್ಟ್ ಮಾಡಿ; ಸೆಟಪ್ ನಿಂತಲ್ಲಿಂದ ಮುಂದುವರಿಯುತ್ತೆ.