ಅಪ್‌ಡೇಟ್: ಅವ್ವನ ಸ್ಕೂಟರ್ ಊರಲ್ಲೇ ತಗೊಂಡೆವು

ಮೊಣಕಾಲು ನೋವಿರೋ ಅವ್ವನಿಗೆ ಬ್ಯಾಟರಿ ಮೊಬಿಲಿಟಿ ಸ್ಕೂಟರ್ (ನಡೆಯೋಕೆ ಕಷ್ಟ ಇರೋರು ಕೂತು ಓಡಿಸೋ ಚಿಕ್ಕ ಗಾಡಿ) ಆನ್‌ಲೈನ್‌ನಲ್ಲಿ ತರಿಸಲಾ, ಇಲ್ಲೇ ವಿಜಯಪುರದಲ್ಲಿ ಕೊಳ್ಳಲಾ ಅಂತ ಕೇಳಿದ್ದೆನಲ್ಲ, ಇಲ್ಲೇ ಕೊಂಡೆವು. ಆನ್‌ಲೈನ್ ಬೆಲೆ ಕಡಿಮೆಯೇ ಇತ್ತು. ಆದರೆ ರಿಪೇರಿ ಬಂದರೆ ಪುಣೆಗೆ ಕಳಿಸಿ ಅಂದರು. ಅಷ್ಟು ಭಾರದ ಗಾಡಿ ಪಾರ್ಸಲ್ ಮಾಡೋದು ಸುಮ್ನೆ ಮಾತಾ?

ಆಗ "ಅವ್ವ ಮೊದಲು ಕೂತು ನೋಡಲಿ" ಅಂದವರಿಗೆ ಥ್ಯಾಂಕ್ಸ್. ಅಂಗಡಿಯವರು ಗಾಡಿಗಳನ್ನು ಮನೆ ತನಕ ತಂದರು. ನಾನು ಮೆಚ್ಚಿದ್ದ ನಾಲ್ಕು ಚಕ್ರದ್ದು ನಮ್ಮ ಓಣಿಯಲ್ಲಿ ತಿರುಗಲೇ ಇಲ್ಲ. ಮೂರು ಚಕ್ರದ್ದು ಸಲೀಸಾಗಿ ತಿರುಗಿತು. ಅದು ತಿರುವಿನಲ್ಲಿ ಜೋರಾಗಿ ಹೋದರೆ ವಾಲುತ್ತದೆ, ಹಾಗಾಗಿ ವೇಗ ಕಡಿಮೆಗೆ ಇಟ್ಟಿದ್ದೇವೆ. ಗಾಡಿ ಓಡಿಸೋ ಹ್ಯಾಂಡಲ್‌ನ ಲಿವರ್ ಕೈಬಿಟ್ಟರೆ ತಾನೇ ಬ್ರೇಕ್ ಬೀಳುತ್ತದೆ. ಅವ್ವನ ಹೆದರಿಕೆ ಹೋಗಿದ್ದೇ ಅದರಿಂದ.

ಬ್ಯಾಟರಿ ವಾರಂಟಿ ಗಾಡಿಯದಕ್ಕಿಂತ ಬೇರೆ, ಸಾಮಾನ್ಯವಾಗಿ ಅವಧಿಯೂ ಕಡಿಮೆ. ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನಮ್ಮದು ಲೆಡ್ ಆ್ಯಸಿಡ್ (ಸೀಸ, ಆಮ್ಲ ಇರೋ) ಬ್ಯಾಟರಿ. ಚಾರ್ಜ್ ಪೂರ್ತಿ ಇಳಿಸಿ ಹಾಗೇ ಬಿಟ್ಟರೆ ಬೇಗ ಕೆಡುತ್ತದೆ, ನಮ್ಮ ಬಿಸಿಲೂ ಅದಕ್ಕೆ ಆಗಲ್ಲ. ನೆರಳಲ್ಲೇ ಚಾರ್ಜ್ ಮಾಡ್ತೀವಿ.

ಅವ್ವ ಈಗ ಸಿದ್ಧೇಶ್ವರ ಗುಡಿ ತನಕ ಒಬ್ಬಳೇ ಹೋಗ್ತಾಳೆ. ಬಾಗಿಲಿಗೆ ರ‍್ಯಾಂಪ್ ಬಾಕಿ ಇದೆ. ಒಂದಡಿ ಎತ್ತರಕ್ಕೆ 12 ಅಡಿ ಉದ್ದ ಬೇಕಂತೆ, ಜಾಗ ಹೊಂದಿಸ್ತಾ ಇದ್ದೇವೆ.