ಸಹಾಯ ಬೇಕು: ವಯಸ್ಕರ ವಿಡಿಯೋಗೆ ಸಭ್ಯವಾದ ಥಂಬ್‌ನೇಲ್ ಆರಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. 18 ದಾಟಿದವರಿಗೆ ಮಾತ್ರ ಇರುವ ವಿಡಿಯೋಗಳ ಎಡಿಟಿಂಗ್ ಮತ್ತು ಅಪ್‌ಲೋಡ್ ಕೆಲಸ ನನ್ನದು. ಥಂಬ್‌ನೇಲ್, ಅಂದರೆ ವಿಡಿಯೋ ತೆರೆಯುವ ಮೊದಲು ಕಾಣುವ ಚಿಕ್ಕ ಚಿತ್ರದ ವಿಷಯದಲ್ಲಿ ನಿಮ್ಮ ಸಲಹೆ ಬೇಕಿತ್ತು.

ಥಂಬ್‌ನೇಲ್‌ನಲ್ಲಿ ನಗ್ನತೆ ಇರಬಾರದು ಅನ್ನುವುದು ನನ್ನ ಗಟ್ಟಿ ನಿಲುವು. ವಯಸ್ಸು ಕೇಳುವ ಪುಟ ವಿಡಿಯೋವನ್ನು ತಡೆಯಬಹುದು. ಆದರೆ ಯಾರೋ ಲಿಂಕ್ ಹಂಚಿಕೊಂಡರೆ ಚಿತ್ರ ಚಾಟ್‌ನಲ್ಲೇ ಕಾಣಿಸಿಬಿಡುತ್ತದೆ. ಮಕ್ಕಳ ಕಣ್ಣಿಗೂ ಬೀಳಬಹುದು, ಅಲ್ವಾ? ಹುಡುಕಾಟದಲ್ಲಿ ಅಶ್ಲೀಲ ಚಿತ್ರಗಳನ್ನು ಸೋಸುವ ಗೂಗಲ್‌ನ ಸೇಫ್‌ಸರ್ಚ್ ಕೂಡ ಅಂಥ ಚಿತ್ರವನ್ನು ಮಸುಕು ಮಾಡುತ್ತದೆ, ಇಲ್ಲವೇ ತೋರಿಸುವುದೇ ಇಲ್ಲ.

ಈಗ ನಾನು ಮಾಡುವುದು ಇಷ್ಟು. ಸೈಟ್ ತಾನಾಗಿ ಆರಿಸುವ ಫ್ರೇಮ್ ಬಿಟ್ಟು, ಮಾತುಕತೆಯ ದೃಶ್ಯದಿಂದ ಸ್ಪಷ್ಟವಾದ ಮುಖ ಹುಡುಕುತ್ತೇನೆ. ಇಬ್ಬರು ಒಬ್ಬರನ್ನೊಬ್ಬರು ನೋಡುವ ನೋಟ, ಅರ್ಧ ನಗು, ಹೆಗಲ ಮೇಲಿನ ಕೈ, ಇಂಥವು. 1280×720 ಪಿಕ್ಸೆಲ್ ಅಳತೆಯಲ್ಲಿ ಉಳಿಸಿ, ಫೋನಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿ ನೋಡುತ್ತೇನೆ. ಬಲಗಡೆ ಕೆಳಮೂಲೆ ಖಾಲಿ ಬಿಡುತ್ತೇನೆ, ಅವಧಿ ಸಾಮಾನ್ಯವಾಗಿ ಅಲ್ಲೇ ಬರುತ್ತದೆ. ನಟಿಸಿದವರ ಒಪ್ಪಿಗೆ ಇಲ್ಲದೆ ಯಾವ ಚಿತ್ರವನ್ನೂ ಹಾಕುವುದಿಲ್ಲ. ವಿಡಿಯೋಗೆ ಒಪ್ಪಿದವರು ಮುಖ ಹೊರಗೆ ಕಾಣುವುದಕ್ಕೂ ಒಪ್ಪಿದ್ದಾರೆ ಅಂತ ಸುಮ್ನೆ ಅಂದುಕೊಳ್ಳುವ ಹಾಗಿಲ್ಲ.

ತೊಡಕು ಏನೆಂದರೆ, ಇಂಥ ಚಿತ್ರ ನೋಡಿದರೆ ಮಾಮೂಲಿ ಪ್ರೇಮಕಥೆ ಅನಿಸುತ್ತದೆ. ಮಬ್ಬು ಮಾಡಿದ ಚಿತ್ರ ನನಗೆ ಇಷ್ಟವಿಲ್ಲ, ಮುಚ್ಚಿಟ್ಟಿದ್ದೇ ಜಾಸ್ತಿ ಎದ್ದು ಕಾಣುತ್ತದೆ. ವಿಡಿಯೋದಲ್ಲಿ ಇಲ್ಲದ್ದನ್ನು ತೋರಿಸಿ ಕ್ಲಿಕ್ ಗಿಟ್ಟಿಸುವುದೂ ಬೇಡ. ಬೆಳಕು, ಬಣ್ಣ, ಕ್ರಾಪ್ ಇವುಗಳಿಂದಲೇ ಇದು ವಯಸ್ಕರ ವಿಡಿಯೋ ಅನ್ನುವ ಭಾವ ತರುವುದು ಹೇಗೆ? ಶೂಟಿಂಗ್ ದಿನವೇ ಬೇರೆ ಸ್ಟಿಲ್ ತೆಗೆಸುವುದು ಒಳ್ಳೆಯದಾ? ಒಂದೇ ವಿಡಿಯೋಗೆ ಎರಡು ಚಿತ್ರ ಹಾಕಿ ಹೋಲಿಸಿದವರಿದ್ದರೆ, ಎಷ್ಟು ದಿನ ನೋಡಿ ತೀರ್ಮಾನಿಸಿದಿರಿ ಅಂತಲೂ ದಯವಿಟ್ಟು ತಿಳಿಸಿ.