ಕ್ಯಾತ್ಸಂದ್ರದ ಹೆದ್ದಾರಿ ಕೂಡುದಾರಿ: ನಕ್ಷೆ ಅಂತಿಮವಾಗುವ ಮೊದಲು ನಮ್ಮ ಮಾತನ್ನು ಎಲ್ಲಿ ಹೇಳಬೇಕು?

ಪ್ರಶ್ನೆ: ಬಿ.ಎಚ್. ರಸ್ತೆಯ ನಿವಾಸಿ

ಮಾನ್ಯರೇ, ನಾವು ತುಮಕೂರಿನ ಕ್ಯಾತ್ಸಂದ್ರದ ಆಸುಪಾಸಿನವರು. ನಗರದಿಂದ ಹೊರಡುವ ಬಸ್ಸುಗಳು, ಪುಣೆ ಕಡೆಯಿಂದ ಬರುವ ಸರಕು ಲಾರಿಗಳು, ಸಿದ್ಧಗಂಗಾ ಮಠಕ್ಕೆ ತಿರುಗುವ ಭಕ್ತರು, ತಟ್ಟೆ ಇಡ್ಲಿಗೆಂದು ಕಾರು ನಿಲ್ಲಿಸುವವರು, ಎಲ್ಲರೂ ರಾಷ್ಟ್ರೀಯ ಹೆದ್ದಾರಿ 48ರ ಈ ಚಿಕ್ಕ ಭಾಗದಲ್ಲೇ ಒಬ್ಬರಿಗೊಬ್ಬರು ಅಡ್ಡ ಬರುತ್ತಾರೆ. ತಿರುವು ದೂರವಿರುವುದರಿಂದ ಆಟೋಗಳು ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದಲೇ ಬರುತ್ತವೆ. ಡಿವೈಡರ್ ಮೇಲಿನ ಕಬ್ಬಿಣದ ಬೇಲಿಯಲ್ಲಿ ಯಾರೋ ಎರಡು ಸರಳುಗಳನ್ನು ಬಗ್ಗಿಸಿ ಸಂದು ಮಾಡಿದ್ದು, ಹಿರಿಯರೊಬ್ಬರು ದಿನವೂ ಮುಂಜಾನೆ ಹಾಲಿನ ಕ್ಯಾನನ್ನು ಮೊದಲು ಅದರಲ್ಲಿ ತೂರಿಸಿ, ಆಮೇಲೆ ತಾವು ಮೈ ಅಡ್ಡ ಮಾಡಿಕೊಂಡು ನುಸುಳುವುದನ್ನು ನಾನು ನೋಡುತ್ತಿದ್ದೇನೆ.

ಕೂಡುದಾರಿಯನ್ನು ಸುಧಾರಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಅಂಥ ಯೋಜನೆಗೆ ಸಾರ್ವಜನಿಕ ಸಭೆ ನಡೆಸುವುದು ಕಡ್ಡಾಯವೇ? ನಮ್ಮ ಬಡಾವಣೆಯವರು ಮನವಿ ಬರೆಯುವುದಾದರೆ ಯಾವ ಹಂತದಲ್ಲಿ, ಯಾರಿಗೆ, ಏನೆಂದು ಬರೆಯಬೇಕು?

ಉತ್ತರ 1: ನಿವೃತ್ತ ರಸ್ತೆ ಎಂಜಿನಿಯರ್

ತಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರ ಸ್ವಲ್ಪ ನಿರಾಶೆ ತರುವಂಥದು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ 3ಎ ಕಲಮಿನಡಿ ಭೂಸ್ವಾಧೀನದ ಅಧಿಸೂಚನೆ ಹೊರಟ ಮೇಲೆ 3ಸಿ ಕಲಮಿನಂತೆ 21 ದಿನಗಳೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಆಕ್ಷೇಪಿಸಿದವರ ಅಹವಾಲನ್ನು ಖುದ್ದಾಗಿ ಅಥವಾ ವಕೀಲರ ಮೂಲಕ ಕೇಳಲೇಬೇಕು. ಆದರೆ ಈ ಹಕ್ಕು ಆ ಭೂಮಿಯಲ್ಲಿ ಹಿತಾಸಕ್ತಿ ಇರುವವರಿಗೆ ಮಾತ್ರ, ಅದೂ ಭೂಮಿಯ ಬಳಕೆಯ ಬಗ್ಗೆ ಮಾತ್ರ. ದಿನಕ್ಕೆರಡು ಬಾರಿ ರಸ್ತೆ ದಾಟುವ ಹಾಲಿನವರಿಗೆ ಅಲ್ಲಿ ಸ್ಥಾನವಿಲ್ಲ.

2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ, ಕನಿಷ್ಠ 30 ದಿನ ಮೊದಲೇ ಪ್ರಕಟಣೆ ಕೊಟ್ಟು ನಡೆಸುವ ಸಾರ್ವಜನಿಕ ವಿಚಾರಣೆಯ ಏರ್ಪಾಡಿದೆ. ಆದರೆ 2013ರ ತಿದ್ದುಪಡಿಯ ನಂತರ, ಇರುವ ಹೆದ್ದಾರಿಯ ವಿಸ್ತರಣೆಯು 100 ಕಿ.ಮೀ. ಮೀರಿ, ಹೆಚ್ಚುವರಿ ಭೂಮಿಯ ಅಗಲವೂ ಹಾಲಿ ಜಾಡಿನಲ್ಲಿ 40 ಮೀಟರ್, ಬೈಪಾಸ್‌ನಲ್ಲಿ 60 ಮೀಟರ್ ದಾಟಿದರಷ್ಟೇ ಅದು ಅನ್ವಯಿಸುತ್ತದೆ. ಒಂದು ಕೂಡುದಾರಿಯ ಸುಧಾರಣೆ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ.

ಹಾಗಾಗಿ ಕಾನೂನು ತಮ್ಮನ್ನು ಕರೆಯುವವರೆಗೆ ಕಾದರೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಗುತ್ತದೆ. ವಿವರವಾದ ಯೋಜನಾ ವರದಿ, ಅಂದರೆ ಡಿಪಿಆರ್, ತಯಾರಾಗುವ ಹಂತದಲ್ಲಿ ಸಲಹೆಗಾರ ಸಂಸ್ಥೆಯವರು ವಾಹನ ಎಣಿಸಲು ರಸ್ತೆಗೆ ಬರುತ್ತಾರಲ್ಲ, ಮನವಿ ಕೊಡಲು ಅದೇ ಸರಿಯಾದ ಸಮಯ. ಒಂದು ಪ್ರತಿಯನ್ನು ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರಿಗೂ ಇನ್ನೊಂದನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಸಲ್ಲಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಕರಡು ನಕ್ಷೆಯನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು; ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ.

ಉತ್ತರ 2: ಬಟವಾಡಿಯ ಅಧ್ಯಾಪಕಿ

ಎಂಜಿನಿಯರ್ ಅವರ ಮಾತಿಗೆ ಸೇರಿಸಿ, ಏನು ಬರೆಯಬೇಕೆಂಬ ಬಗ್ಗೆ ಎರಡು ಮಾತು. ‘ನಮಗೆ ಫ್ಲೈಓವರ್ ಬೇಕು’ ಎಂದು ಬರೆಯಬೇಡಿ. ಯಾರು ಎಲ್ಲಿಂದ ಎಲ್ಲಿಗೆ, ಯಾವ ಹೊತ್ತಿನಲ್ಲಿ, ಹೇಗೆ ಹೋಗುತ್ತಾರೆ ಎಂಬುದನ್ನು ಬರೆಯಿರಿ. ವಿನ್ಯಾಸಕರು ವಾಹನಗಳನ್ನು ಪಿಸಿಯು ಎಂಬ ಏಕಮಾನಕ್ಕೆ, ಅಂದರೆ ಪ್ರತಿ ವಾಹನವೂ ಎಷ್ಟು ಕಾರುಗಳಿಗೆ ಸಮ ಎಂಬ ಅಳತೆಗೆ, ಇಳಿಸಿ ಲೆಕ್ಕ ಹಾಕುತ್ತಾರೆ. ಗ್ರಾಮೀಣ ಹೆದ್ದಾರಿಗಳಿಗಾಗಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೊಟ್ಟ ಕೋಷ್ಟಕದಲ್ಲಿ ಕಾರಿಗೆ 1, ಬೈಕಿಗೆ ಅರ್ಧ, ಬಸ್ಸು ಲಾರಿಗಳಿಗೆ 3, ಎತ್ತಿನ ಗಾಡಿಗೆ 8! ನಡೆದು ಹೋಗುವವರಿಗೆ ಆ ಪಟ್ಟಿಯಲ್ಲಿ ಅಂಕಿಯೇ ಇಲ್ಲ. ಅವರನ್ನು ಪ್ರತ್ಯೇಕವಾಗಿ ಎಣಿಸದಿದ್ದರೆ ನಕ್ಷೆಯಲ್ಲಿ ಅವರು ಕಾಣುವುದಿಲ್ಲ.

ನಾವು ನಮ್ಮ ಕೂಡುದಾರಿಯಲ್ಲಿ ಹಳೆಯ ಲಗ್ನಪತ್ರಿಕೆಗಳ ಖಾಲಿ ಮಗ್ಗುಲಿನಲ್ಲಿ ನಾಲ್ಕು ಗೆರೆಗೊಂದು ಅಡ್ಡಗೆರೆ ಎಳೆಯುತ್ತ, ಶಾಲೆಯ ಹೊತ್ತಿನಲ್ಲಿ ದಾಟುವವರನ್ನು ಎಣಿಸಿದ್ದೆವು. ಬೇಲಿಯ ಯಾವ ಸಂದು ಹೆಚ್ಚು ಬಳಕೆಯಾಗುತ್ತದೆ ಎಂಬುದು ಮೂರೇ ದಿನದಲ್ಲಿ ಸ್ಪಷ್ಟವಾಯಿತು. ದಾಟುವ ದಾರಿ ಇರಬೇಕಾದದ್ದು ಅಲ್ಲಿಯೇ. ನೀವು ಎಣಿಸುವಾಗ ಶಿವರಾತ್ರಿಯ ಸಿದ್ಧಗಂಗಾ ಜಾತ್ರೆಯನ್ನು ಮರೆಯಬೇಡಿ. ದನಗಳ ಜಾತ್ರೆಗೆ ರಾಸುಗಳನ್ನು ಹೊಡೆದುಕೊಂಡು ಬರುವ ರೈತರು ಸಾಮಾನ್ಯ ವಾರದ ಎಣಿಕೆಯಲ್ಲಿ ಸಿಕ್ಕುವುದಿಲ್ಲ.

ಉತ್ತರ 3: ಗುಬ್ಬಿಯ ಓದುಗ

ಇದೆಲ್ಲ ಕೇಳಲು ಚೆನ್ನಾಗಿದೆ, ಆದರೆ ನನ್ನ ಅನುಭವ ಬೇರೆ. ಕೆಲವು ವರ್ಷಗಳ ಹಿಂದೆ ಒಂದು ರಸ್ತೆ ಯೋಜನೆಯ ಸಭೆಗೆ ಹೋಗಿದ್ದೆ. ಗೋಡೆಗೆ ಅಂಟಿಸಿದ್ದ ನಕ್ಷೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ನಮ್ಮೂರಿನ ಕೆರೆ ಅದರಲ್ಲಿ ಹೆಸರಿಲ್ಲದ ನೀಲಿ ಮಚ್ಚೆಯಾಗಿತ್ತು. ಚಹಾ ಬಂತು, ಹಾಜರಿಗೆ ಸಹಿ ಹಾಕಿಸಿಕೊಂಡರು, ಆ ಸಹಿಯೇ ಆಮೇಲೆ ಒಪ್ಪಿಗೆಯಾಯಿತು. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳಕ್ಕೆ ಹಾಕಲು ಹೊರಟಿದ್ದ ಉಕ್ಕಿನ ಮೇಲ್ಸೇತುವೆಯನ್ನು 2017ರ ಮಾರ್ಚಿನಲ್ಲಿ ಕೈಬಿಟ್ಟದ್ದು ಸಭೆಯಲ್ಲಿ ಮಾತಾಡಿದ್ದರಿಂದಲ್ಲ. 2016ರ ಅಕ್ಟೋಬರಿನಲ್ಲಿ ಜನ ಬೀದಿಯಲ್ಲಿ ಮಾನವ ಸರಪಳಿ ಕಟ್ಟಿ ನಿಂತ ಮೇಲೆ.

ಉತ್ತರ 4: ನಿವೃತ್ತ ರಸ್ತೆ ಎಂಜಿನಿಯರ್

ಗುಬ್ಬಿಯವರ ಅಸಮಾಧಾನವನ್ನು ಅಲ್ಲಗಳೆಯಲಾರೆ. ಸಹಿ ಹಾಕುವ ಮೊದಲು ಹಾಳೆಯ ತಲೆಬರಹ ಓದಿ. ‘ಹಾಜರಾತಿ’ ಎಂದಿಲ್ಲದಿದ್ದರೆ ತಾವೇ ಬರೆದು ಸಹಿ ಮಾಡಿ. ಆದರೆ ಬೇಡ ಎನ್ನಲು ಸರಪಳಿ ಸಾಕಾದರೂ, ಹೀಗೆಯೇ ಬೇಕು ಎನ್ನಲು ವಿವರ ಬೇಕಾಗುತ್ತದೆ. ಸಭೆಯಲ್ಲಿ ಒಂದೇ ನಕ್ಷೆ ತೋರಿಸಿದರೆ, ಪರಿಶೀಲಿಸಿ ಬಿಟ್ಟ ಪರ್ಯಾಯಗಳು ಯಾವುವು, ಯಾಕೆ ಬಿಟ್ಟಿರಿ ಎಂದು ಕೇಳಿ. ನಾಲ್ಕೆಸಳಿನ ಹೂವಿನಂಥ ಕ್ಲೋವರ್‌ಲೀಫ್ ಮಾದರಿಯ ಕೂಡುದಾರಿ ಚಿತ್ರದಲ್ಲಿ ಅಂದವಾಗಿರುತ್ತದೆ. ಆದರೆ ಅದರಲ್ಲಿ ಒಳಬರುವವರೂ ಹೊರಹೋಗುವವರೂ ಅದೇ ಗಿಡ್ಡ ಅಂತರದಲ್ಲಿ ಪರಸ್ಪರ ದಾರಿ ಕತ್ತರಿಸಬೇಕು, ಭೂಮಿಯೂ ಬಹಳ ಬೇಕು. ಊರೊಳಗೆ ನಾನಂತೂ ಅದನ್ನು ಸೂಚಿಸಲಾರೆ.

ನೀರಿನ ವಿಷಯವನ್ನೂ ಎತ್ತಿ. 2022ರ ಆಗಸ್ಟ್ ಮಳೆಗೆ ರಾಮನಗರದ ಬಳಿ ಹೊಸ ಹೆದ್ದಾರಿಯ ಕೆಳಸೇತುವೆಯಲ್ಲಿ ವಾಹನಗಳು ಮುಳುಗಿದ್ದು ನೆನಪಿರಬಹುದು. ಅಂಡರ್‌ಪಾಸ್‌ನ ನೀರು ಯಾವ ಕಾಲುವೆಗೆ, ಎಷ್ಟು ಇಳಿಜಾರಿನಲ್ಲಿ ಹೋಗುತ್ತದೆ ಎಂಬುದನ್ನು ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಲು ಹೇಳಿ.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಕೃತಜ್ಞತೆಗಳು. ಈ ಭಾನುವಾರ ನಮ್ಮ ಬಡಾವಣೆಯವರು ಸೇರಿ ಎಣಿಕೆಯ ಸರದಿ ಹಂಚಿಕೊಳ್ಳುತ್ತೇವೆ. ಒಂದೇ ಸಂದೇಹ ಉಳಿದಿದೆ: ಹುಲ್ಲು ತುಂಬಿದ ಟ್ರ್ಯಾಕ್ಟರುಗಳು ಅಂಡರ್‌ಪಾಸ್‌ನಲ್ಲಿ ಹಾಯಬಲ್ಲವೇ?

ಉತ್ತರ 5: ನಿವೃತ್ತ ರಸ್ತೆ ಎಂಜಿನಿಯರ್

ಎಲ್ಲ ವಾಹನಗಳ ಅಂಡರ್‌ಪಾಸ್‌ಗೆ 5.5 ಮೀಟರ್ ಎತ್ತರ, ಲಘು ವಾಹನಗಳದ್ದಕ್ಕೆ 4 ಮೀಟರ್. ಎರಡನೆಯದು ಅಗ್ಗವಾದ್ದರಿಂದ ಅದನ್ನೇ ಮುಂದಿಡುವ ಸಂಭವವಿದೆ. ಹಗ್ಗ ಬಿಗಿದ ಹುಲ್ಲಿನ ಹೇರಿನ ಎತ್ತರವನ್ನು ನೆಲದಿಂದ ತುದಿಯವರೆಗೆ ಟೇಪಿನಲ್ಲಿ ಅಳೆದು, ಫೋಟೊ ಸಹಿತ ಮನವಿಗೆ ಲಗತ್ತಿಸಿ.